ಸೇತುವೆಗೆ ಹೆಸರಾದವರು

ಆಸ್ಟ್ರೇಲಿಯಾ ಖಂಡದ ಈಶಾನ್ಯ ಮೂಲೆಯಲ್ಲಿರುವ ಕ್ವೀನ್ಸ್‌ಲೆಂಡ್ ಪ್ರಾಂತಕ್ಕೆ ಬ್ರಿಸ್ಬೇನ್ ರಾಜಧಾನಿ. ಅದೇ ಹೆಸರಿನ ನದಿಯೊಂದು ಊರಿನ ನಟ್ಟನಡುವೆ ಹಾವಿನಂತೆ ಹೊರಳಿ ಹೊರಳಿ ಹರಿಯುವುದರಿಂದ, ಅಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವರಿಗೆ ಸೇತುವೆಗಳಿಲ್ಲದೆ ಗತಿಯಿಲ್ಲ. ಇರುವ ಸೇತುವೆಗಳ ಹೆಸರುಗಳೂ ನಾವು ನಿರೀಕ್ಷಿಸುವಂಥವೇ. ಒಂದಕ್ಕೆ ವಿಕ್ಟೋರಿಯಾ ರಾಣಿಯ ಹೆಸರು, ಒಂದಕ್ಕೆ ಕ್ಯಾಪ್ಟನ್ ಕುಕ್ಕನ ಹೆಸರು, ಮತ್ತೊಂದಕ್ಕೆ ಹಳೆಯ ನಗರಾಧ್ಯಕ್ಷನೊಬ್ಬನ ಹೆಸರು. ದೊರೆಗಳು, ನಾವಿಕರು, ಅಧಿಕಾರಿಗಳು—ಇವರನ್ನು ಬಿಟ್ಟು ಸೇತುವೆಗೆ ಬೇರೆ ಯಾರ ಹೆಸರನ್ನು ತಾನೆ ಇಟ್ಟಾರು? ಹೀಗಿರಲಾಗಿ, 2010ರ ಜುಲೈ ತಿಂಗಳಲ್ಲಿ ಅಲ್ಲಿ ಸಂಚಾರಕ್ಕೆ ತೆರೆದ ಹೊಸ ಸೇತುವೆಗೆ ಜನರ ಅಭಿಪ್ರಾಯವನ್ನು ಕೇಳಿ ಇಟ್ಟ ಹೆಸರು 'ಗೋ ಬಿಟ್ವೀನ್ ಬ್ರಿಡ್ಜ್' ಎಂಬುದು. ಕನ್ನಡದಲ್ಲಿ ಹೇಳುವುದಾದರೆ ನಡುವೆ ಓಡಾಡುವವನ ಸೇತುವೆ, ಮಧ್ಯಸ್ಥನ ಸೇತುವೆ. ಸೇತುವೆಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ಮೇಲುನೋಟಕ್ಕೆ ಅನ್ನಿಸೀತು. ಆದರೆ ಹೆಸರಿಟ್ಟದ್ದು ಅರ್ಥ ಒಪ್ಪುತ್ತದೆಂದಷ್ಟೇ ಅಲ್ಲ. ಆ ಊರಿನಲ್ಲಿ ಹುಟ್ಟಿ, ಊರು ಬಿಟ್ಟು ಹೋಗಿ, ಹತ್ತಾರು ವರ್ಷ ಹಾಡಿ, ಎಂದೂ ದೊಡ್ಡ ಜಯವನ್ನು ಕಾಣದೆ ಒಡೆದುಹೋದ ಒಂದು ಹಾಡುಗಾರರ ತಂಡದ ನೆನಪಿಗಾಗಿ. ಆ ತಂಡದ ಹೆಸರು 'ದಿ ಗೋ-ಬಿಟ್ವೀನ್ಸ್'.

ಕನ್ನಡದ ಉಪಾಧ್ಯಾಯನೊಬ್ಬನಿಗೆ ಇಂಗ್ಲಿಷ್ ಪಾಪ್ ತಂಡದ ಗೊಡವೆ ಏಕೆ ಎಂದು ಓದುಗರು ಕೇಳಿದರೆ ತಪ್ಪಲ್ಲ. ನನ್ನೊಡನೆ ಹಾಸ್ಟೆಲಿನಲ್ಲಿದ್ದ ಗೆಳೆಯನೊಬ್ಬ ಉದ್ಯೋಗಕ್ಕೆಂದು ಆ ಊರಿಗೆ ಹೋದವನು 2007ರಲ್ಲಿ ರಜೆಗೆ ಬಂದಾಗ ಒಂದು ಸಿ.ಡಿ.ಯನ್ನು ನನ್ನ ಕೈಗಿಟ್ಟು, "ನಿನಗೆ ಹಿಡಿಸಬಹುದು, ಹಿಡಿಸದಿದ್ದರೆ ಚಹದ ಲೋಟದ ಕೆಳಗೆ ಇಟ್ಟುಕೊ" ಎಂದ. ಮೊದಲನೆಯ ಸಲ ಕೇಳಿದಾಗ ಲೋಟದ ಕೆಳಗೆ ಇಡುವುದೇ ಸರಿಯೆನ್ನಿಸಿತು. ಹಾಡುವವರ ಗಂಟಲು ಅಷ್ಟೇನೂ ಸುಶ್ರಾವ್ಯವಲ್ಲ. ಗಿಟಾರಿನಲ್ಲಿ ಬೆರಗುಗೊಳಿಸುವ ಚಮತ್ಕಾರವೂ ಇಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ ಕೇಳುವಾಗ, ಒಂದು ಹಾಡಿನಲ್ಲಿ ನನ್ನ ಕಾಲು ಹಾಕುತ್ತಿದ್ದ ತಾಳ ತಪ್ಪಿತು. ಮತ್ತೆ ಹಾಕಿದೆ, ಮತ್ತೆ ತಪ್ಪಿತು. ಅಲ್ಲಿಂದ ಹಿಡಿದ ಗೀಳು ಇಂದಿಗೂ ಬಿಟ್ಟಿಲ್ಲ.

ಆ ಹಾಡಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಊರಿನ ಕಥೆಯನ್ನು ಹೇಳಬೇಕು.

1968ರಿಂದ 1987ರ ವರೆಗೆ, ಸುಮಾರು ಹತ್ತೊಂಬತ್ತು ವರ್ಷಗಳ ಕಾಲ, ಕ್ವೀನ್ಸ್‌ಲೆಂಡಿನ ಮುಖ್ಯಮಂತ್ರಿಯಾಗಿದ್ದವನು ಜೋ ಬ್ಯೆಲ್ಕೆ-ಪೀಟರ್ಸನ್. 1977ರಲ್ಲಿ ಆತನ ಸರ್ಕಾರ ಬೀದಿಗಳಲ್ಲಿ ರಾಜಕೀಯ ಮೆರವಣಿಗೆ ನಡೆಸುವುದನ್ನೇ ನಿಷೇಧಿಸಿತು. ಎದುರಿಸಿ ಬೀದಿಗಿಳಿದವರನ್ನು ಪೋಲೀಸರು ನೂರುಗಟ್ಟಲೆಯಾಗಿ ಹಿಡಿದೊಯ್ದರು. ಆ ಪೋಲೀಸು ಇಲಾಖೆಯೊಳಗೇ ಎಂಥ ಹುಳುಕಿತ್ತೆಂಬುದು ಹೊರಬಿದ್ದುದು 1987ರಲ್ಲಿ ಆರಂಭವಾದ ಫಿಟ್ಸ್‌ಜೆರಾಲ್ಡ್ ವಿಚಾರಣೆಯ ಕಾಲಕ್ಕೆ. ಹಳೆಯ ಕಟ್ಟಡಗಳ ಗತಿಯೂ ಅಷ್ಟೆ. ಗುಡ್ಡದ ಮೇಲೆ 'ಕ್ಲೌಡ್‌ಲೆಂಡ್' ಎಂಬ ನೃತ್ಯಶಾಲೆಯೊಂದಿತ್ತು. ಊರಿನ ಜನ ವರ್ಷಗಟ್ಟಲೆ ಅಲ್ಲಿ ಕುಣಿದಿದ್ದರು, ಹಾಡು ಕೇಳಿದ್ದರು. 1982ರ ನವೆಂಬರ್ 7ರಂದು, ಬೆಳಕು ಹರಿಯುವ ಮುನ್ನವೇ, ಅನುಮತಿಯೂ ಇಲ್ಲದೆ ಅದನ್ನು ಕೆಡವಿಹಾಕಿದರು. ಬೆಳಗ್ಗೆ ಎದ್ದ ಜನ ಗುಡ್ಡವನ್ನು ನೋಡಿದರೆ ಗುಡ್ಡ ಮಾತ್ರ ಇತ್ತು.

ಇಂಥ ಊರಿನ ವಿಶ್ವವಿದ್ಯಾಲಯದಲ್ಲಿ ಇಬ್ಬರು ಹುಡುಗರು ಸ್ನೇಹಿತರಾದರು. ಒಬ್ಬ ರಾಬರ್ಟ್ ಫಾರ್ಸ್ಟರ್, 1957ರಲ್ಲಿ ಹುಟ್ಟಿದವನು, ಎತ್ತರದ ಆಳು, ಗಿಟಾರು ಬಲ್ಲವನು. ಇನ್ನೊಬ್ಬ ಗ್ರಾಂಟ್ ಮೆಕ್‌ಲೆನನ್, ಒಂದು ವರ್ಷ ಚಿಕ್ಕವನು. ಗ್ರಾಂಟನಿಗೆ ಪುಸ್ತಕದ ಹುಚ್ಚು, ಅದಕ್ಕೂ ಮಿಗಿಲಾಗಿ ಸಿನಿಮಾದ ಹುಚ್ಚು. ಆದರೆ ಯಾವ ವಾದ್ಯವೂ ಬಾರದು. ತಂಡ ಕಟ್ಟುವಾಗ ವಾದ್ಯ ಬಲ್ಲವನನ್ನು ಹುಡುಕುವುದು ಲೋಕರೂಢಿ. ಫಾರ್ಸ್ಟರ್ ಹಾಗೆ ಮಾಡಲಿಲ್ಲ. ತನ್ನ ಪ್ರಿಯ ಗೆಳೆಯನಿಗೆ ತಾನೇ ಬಾಸ್ ಗಿಟಾರನ್ನು ಕಲಿಸಿ, ಅವನೊಡನೆಯೇ ತಂಡ ಕಟ್ಟಿದ. ಇದು 1977ರ ಕೊನೆಯ, 1978ರ ಮೊದಲಿನ ಮಾತು. ನನಗೆ ಈ ತಂಡದ ಇಡೀ ಚರಿತ್ರೆಯಲ್ಲಿ ಅತ್ಯಂತ ಮೆಚ್ಚಿಕೆಯಾದ ಸಂಗತಿ ಇದೇ. ಮೊದಲು ಸ್ನೇಹ, ಆಮೇಲೆ ಸಂಗೀತ. ಕಷ್ಟಗಳೂ ಅಲ್ಲಿಂದಲೇ ಹುಟ್ಟಿದುವೆನ್ನಿ.

1978ರಲ್ಲಿ ಅವರು ತಾವೇ ಒಂದು ಧ್ವನಿಮುದ್ರಿಕೆಯನ್ನು ಹೊರಡಿಸಿದರು. ಒಂದು ಮಗ್ಗುಲಲ್ಲಿ ಲೀ ರೆಮಿಕ್ ಎಂಬ ಅಮೆರಿಕದ ಚಿತ್ರನಟಿಯ ಮೇಲಿನ ಹಾಡು. ಇನ್ನೊಂದು ಮಗ್ಗುಲಲ್ಲಿ ಗ್ರಂಥಾಲಯದಲ್ಲಿ ಬೇಕಾದ ಪುಸ್ತಕವನ್ನು ಹುಡುಕಿಕೊಡುವ ಹೆಂಗಸಿನ ಮೇಲಿನ ಹಾಡು. ಪೋಲೀಸರ ಲಾಠಿಯ ಊರಿನಲ್ಲಿ ಗ್ರಂಥಪಾಲಕಿಯ ಮೇಲೆ ಪ್ರೇಮಗೀತೆ! ಅದೇ ಊರಿನ 'ದಿ ಸೇಂಟ್ಸ್' ಎಂಬ ತಂಡ 1976ರಲ್ಲಿ ಹೀಗೆಯೇ ಸ್ವಂತ ಹಣದಲ್ಲಿ ತಟ್ಟೆಯನ್ನು ಹೊರಡಿಸಿ ದಾರಿ ತೋರಿಸಿತ್ತು. ಆದರೆ ಅವರದು ಕೂಗು, ಸಿಟ್ಟು. ಇವರದು ಮೃದು, ಕೊಂಚ ಸಂಕೋಚ, ಕೊಂಚ ಓದಿನ ಗತ್ತು. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಸಣ್ಣ ಸಣ್ಣ ಮುದ್ರಿಕಾ ಸಂಸ್ಥೆಗಳ ಮೂಲಕ ಹಾಡುಗಳನ್ನು ಹೊರತರುವ ಈ ಬಗೆಯನ್ನೇ 'ಇಂಡಿಪೆಂಡೆಂಟ್' ಎಂಬ ಮಾತನ್ನು ಮೊಟಕು ಮಾಡಿ ಮುಂದೆ 'ಇಂಡಿ' ಎಂದು ಕರೆದರು. ನಮ್ಮಲ್ಲಿ ಕವಿಗಳು ಸ್ವಂತ ಖರ್ಚಿನಲ್ಲಿ ಸಂಕಲನ ಅಚ್ಚು ಹಾಕಿಸಿ ಚೀಲದಲ್ಲಿ ಹೊತ್ತು ಮಾರುವುದಿಲ್ಲವೆ? ಅದೇ ಜಾತಿಯದೆಂದು ತಿಳಿದರೆ ಬಹಳ ತಪ್ಪಾಗಲಾರದು.

1979ರ ಕೊನೆಗೆ ಇಬ್ಬರೂ ಹಡಗಿನಷ್ಟು ಆಸೆ ಹೊತ್ತು ಬ್ರಿಟನ್ನಿಗೆ ಹೋದರು. ಗ್ಲಾಸ್ಗೋ ನಗರದ 'ಪೋಸ್ಟ್‌ಕಾರ್ಡ್' ಎಂಬ ಪುಟ್ಟ ಸಂಸ್ಥೆ 1980ರಲ್ಲಿ ಅವರದೊಂದು ಹಾಡನ್ನು ಹೊರತಂದಿತು. ಇಂಡಿ ಪಾಪಿನ ಚರಿತ್ರೆ ಬರೆಯುವವರು ಪೋಸ್ಟ್‌ಕಾರ್ಡನ್ನು ಹೆಸರಿಸದೆ ಮುಂದೆ ಹೋಗುವುದಿಲ್ಲ. ಆದರೆ ಹೊಟ್ಟೆಗೆ ಚರಿತ್ರೆ ಸಾಲದು. ಹುಡುಗರು ಊರಿಗೆ ಮರಳಿದರು. ಮರಳಿದ ಮೇಲೆ ತಂಡಕ್ಕೆ ಸೇರಿದವಳು ಲಿಂಡಿ ಮಾರಿಸನ್, ಡ್ರಮ್ಸ್ ಬಾರಿಸುವವಳು. ಅವರಿಬ್ಬರಿಗಿಂತ ಸುಮಾರು ಆರು ವರ್ಷ ಹಿರಿಯಳು. ಮೂಲನಿವಾಸಿಗಳ ಕಾನೂನು ನೆರವಿನ ಕೆಲಸದಲ್ಲಿ ದುಡಿದವಳು, ಹೆಂಗಸರದೇ ಆದ ಒಂದು ಪಂಕ್ ತಂಡದಲ್ಲಿ ಬಾರಿಸಿದವಳು, ಲೋಕ ಕಂಡವಳು, ಗಟ್ಟಿಯಾಗಿ ನಗುವವಳು. ಪುಸ್ತಕದಲ್ಲಿ ಲೋಕವನ್ನು ಕಂಡಿದ್ದ ಈ ಹುಡುಗರಿಗೂ ಆಕೆಗೂ ನಡುವೆ ಇದ್ದ ಅಂತರ ಎಷ್ಟೆಂದು ಊಹಿಸಬಹುದು. ಹೆಚ್ಚು ಕಾಲ ಕಳೆಯುವ ಮೊದಲೇ ಫಾರ್ಸ್ಟರನೂ ಆಕೆಯೂ ಜೊತೆಗಾರರಾದರು.

ಇನ್ನು ಆ ಹಾಡು. 1982ರಲ್ಲಿ ತಂಡ ಮತ್ತೆ ಲಂಡನ್ನಿನಲ್ಲಿತ್ತು. ನಿಕ್ ಕೇವ್ ಎಂಬ, ಮುಂದೆ ಬಹು ಪ್ರಸಿದ್ಧನಾದ ಆಸ್ಟ್ರೇಲಿಯದ ಗಾಯಕ ಇದ್ದ ಮನೆಯಲ್ಲಿ, ಅವನದೇ ಗಿಟಾರನ್ನು ಎತ್ತಿಕೊಂಡು ಗ್ರಾಂಟ್ ಮೆಕ್‌ಲೆನನ್ 'ಕ್ಯಾಟಲ್ ಅಂಡ್ ಕೇನ್' ಎಂಬ ಹಾಡನ್ನು ಕಟ್ಟಿದ. ದನಕರು ಮತ್ತು ಕಬ್ಬು ಎಂದು ಹೆಸರಿನ ಅರ್ಥ. ಗ್ರಾಂಟನ ತಂದೆ ತೀರಿಕೊಂಡಾಗ ಅವನಿಗಿನ್ನೂ ನಾಲ್ಕು ವರ್ಷ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಉತ್ತರ ಕ್ವೀನ್ಸ್‌ಲೆಂಡಿನಲ್ಲಿ ನೆಲೆಸಿದಳು. ಮುಂದೆ ಆಕೆ ಮರುಮದುವೆಯಾಗಿ ದನ ಸಾಕುವ ವಿಸ್ತಾರವಾದ ಜಮೀನಿಗೆ ಹೋದಳು. ಹುಡುಗನನ್ನು ದೂರದ ಬ್ರಿಸ್ಬೇನಿನ ವಸತಿಶಾಲೆಗೆ ಹಾಕಿದರು. ಹಾಡಿನಲ್ಲಿ ಮೂರು ನೋಟಗಳಿವೆ. ಕಬ್ಬಿನ ಗದ್ದೆಗಳ ನಡುವೆ, ತಗಡು ಮರಗಳ ಮನೆಗೆ ಮರಳುವ ಶಾಲೆಯ ಹುಡುಗ. ತಂದೆಯ ಕೈಗಡಿಯಾರವನ್ನು ವಸತಿಶಾಲೆಯಲ್ಲಿ ಮರೆತು ಕಳೆದುಕೊಂಡ, ಕೊಂಚ ದೊಡ್ಡವನಾದ ಹುಡುಗ. ಪುಸ್ತಕಗಳ ಲೋಕಕ್ಕೆ ಹೋಗಿ ರೈಲಿನಲ್ಲಿ ಹಿಂತಿರುಗುವ ತರುಣ. ಅಷ್ಟೆ. ವಿವರಣೆ ಇಲ್ಲ, ಅಳು ಇಲ್ಲ. ತಂದೆ ಸತ್ತನೆಂಬ ಮಾತು ಎಲ್ಲಿಯೂ ಬರುವುದಿಲ್ಲ. ಗಡಿಯಾರ ಮಾತ್ರ ಬರುತ್ತದೆ.

ಇದನ್ನು ಬರೆದದ್ದು ತಾಯಿಯನ್ನು ಮೆಚ್ಚಿಸಲು ಎಂದು ಗ್ರಾಂಟ್ ಹೇಳಿದ್ದುಂಟು. ಆದರೆ ಆಕೆ ಇದ್ದ ದನದ ಜಮೀನಿಗೆ ಆಗ ವಿದ್ಯುಚ್ಛಕ್ತಿಯ ಸಂಪರ್ಕ ಸರಿಯಾಗಿ ಇರಲಿಲ್ಲವಾಗಿ ತಟ್ಟೆಯನ್ನು ಹಾಕಿ ಕೇಳುವಂತಿರಲಿಲ್ಲ. ಮಗ ದೂರವಾಣಿಯಲ್ಲಿ ಹಾಡಿ ತೋರಿಸಬೇಕಾಗಿತ್ತಂತೆ. ಲಂಡನ್ನಿನ ಅಂಗಡಿಗಳಲ್ಲಿ ಬಿಕರಿಯಾಗುತ್ತಿದ್ದ ಹಾಡು, ಅದನ್ನು ಯಾರಿಗಾಗಿ ಬರೆದಿತ್ತೋ ಅವಳ ಮನೆಗೆ ತಂತಿಯ ಮೇಲೆ ಬರಿಗೊರಲಿನಲ್ಲಿ ಹೋಯಿತು.

ನನ್ನ ಕಾಲು ತಪ್ಪಿದ್ದು ಈ ಹಾಡಿನಲ್ಲಿ. ನಾನು ಸಂಗೀತಶಾಸ್ತ್ರ ಬಲ್ಲವನಲ್ಲ; ಛಂದಸ್ಸನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನು. ಆದರೂ ಎಣಿಸುವುದು ಬರುತ್ತದಲ್ಲ! ಪಾಪ್ ಹಾಡುಗಳೆಂದರೆ ಸಾಮಾನ್ಯವಾಗಿ ನಾಲ್ಕು ನಾಲ್ಕು ಎಣಿಕೆ. ಕಣ್ಣು ಮುಚ್ಚಿ ಹಾಕಬಹುದು. ಇಲ್ಲಿ ಎಣಿಕೆ ಹನ್ನೊಂದು: ಐದು, ಎರಡು, ನಾಲ್ಕು ಎಂದು ಒಡೆಯುತ್ತದೆ. ನಮ್ಮ ತಿಸ್ರಜಾತಿ ಧ್ರುವತಾಳಕ್ಕೂ ಹನ್ನೊಂದೇ ಅಕ್ಷರ, ಒಡೆಯುವ ರೀತಿ ಮಾತ್ರ ಬೇರೆ. ಆದರೆ ನಮ್ಮವರಂತೆ ಇದು ಲೆಕ್ಕದ ಪಾಂಡಿತ್ಯವನ್ನು ಮೆರೆಯುವುದಕ್ಕಲ್ಲ. ಕೇಳುವವನಿಗೆ ಹನ್ನೊಂದೆಂದು ತಿಳಿಯುವುದೇ ಇಲ್ಲ. ಏನೋ ಒಂದು ಎಡವಿದಂತೆ, ನೆನಪು ಮಾಡಿಕೊಳ್ಳುವವನು ನಡುವೆ ತಡೆದು ಮತ್ತೆ ಮುಂದುವರಿದಂತೆ ಅನ್ನಿಸುತ್ತದೆ, ಅಷ್ಟೆ. ಈ ಎಡವಿಕೆಯನ್ನು ಎಡವದೆ ಹಿಡಿದು ನಡೆಸುವವಳು ಲಿಂಡಿ ಮಾರಿಸನ್. ಗಿಟಾರು ಬಾರಿಸುವವನು ತನಗೆ ತೋಚಿದಂತೆ ಮಾತ್ರೆಗಳನ್ನು ಬಿಟ್ಟೂ ಹಿಡಿದೂ ಬರೆದಿರಬಹುದು. ಅದಕ್ಕೆ ನೆಲ ಹಾಸಿಕೊಟ್ಟದ್ದು ಡ್ರಮ್ಸ್. ಮಾರಿಸನ್ನಳನ್ನು ಕುಶಲ ವಾದಕಿಯಲ್ಲವೆಂದು ಹೀಗಳೆದವರುಂಟು. ಅವರು ಈ ಹಾಡಿಗೆ ಒಂದು ಸಲ ಮೇಜಿನ ಮೇಲೆ ತಾಳ ಹಾಕಿ ನೋಡಲಿ.

ಆ ಹಾಡಿರುವ 'ಬಿಫೋರ್ ಹಾಲಿವುಡ್' ಎಂಬ ಸಂಪುಟವನ್ನು ಲಂಡನ್ನಿನ ರಫ್ ಟ್ರೇಡ್ ಸಂಸ್ಥೆ 1983ರಲ್ಲಿ ಹೊರತಂದಿತು. ಅದರಲ್ಲಿ ಹತ್ತು ಹಾಡು. ಐದು ಒಬ್ಬನವು, ಐದು ಇನ್ನೊಬ್ಬನವು. ಕೊನೆಯ ವರೆಗೆ ಹೆಚ್ಚುಕಡಮೆ ಇದೇ ಪಂಕ್ತಿಭೇದವಿಲ್ಲದ ಊಟ. ಆಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. ಸಂಸ್ಥೆಯಿಂದ ಸಂಸ್ಥೆಗೆ ಅಲೆದಾಟ. ಪತ್ರಿಕೆಗಳಲ್ಲಿ ಪ್ರಶಂಸೆ, ಅಂಗಡಿಯಲ್ಲಿ ನಿರಾಶೆ. ರಾಬರ್ಟ್ ವಿಕರ್ಸ್ ಎಂಬುವನು ಬಾಸ್ ಗಿಟಾರಿಗೆ ಬಂದ. 1986ರಲ್ಲಿ ಪಿಟೀಲು, ಓಬೋ ಎರಡನ್ನೂ ಬಲ್ಲ ಅಮಾಂಡಾ ಬ್ರೌನ್ ಎಂಬ ತರುಣಿ ಬಂದಳು. ಒಂದು ತಮಾಷೆಯನ್ನು ಇಲ್ಲಿ ಹೇಳದಿದ್ದರೆ ಮನಸ್ಸು ಕೇಳದು. ಈ ತಂಡದ ಮೊದಲ ಆರು ಸಂಪುಟಗಳ ಹೆಸರುಗಳಲ್ಲಿಯೂ ಇಂಗ್ಲಿಷಿನ 'ಎಲ್' ಅಕ್ಷರ ಜೋಡಿಯಾಗಿ ಬರುತ್ತದೆ: ಲಲಬೈ, ಹಾಲಿವುಡ್, ಹಿಲ್, ಬೆಲ್, ಟಲೂಲಾ, ಕೊನೆಗೆ ಲವರ್ಸ್ ಲೇನ್. ಕನ್ನಡ ಲಿಪಿಯಲ್ಲಿ ಬರೆದರೆ ಈ ಗುಟ್ಟು ಮಾಯವಾಗುತ್ತದೆ. ಭಾಷಾಂತರದ ಕಷ್ಟ ಎಂಥದೆಂದು ವಿದ್ಯಾರ್ಥಿಗಳಿಗೆ ಹೇಳಲು ಒಳ್ಳೆಯ ಉದಾಹರಣೆ.

ಕೊನೆಯದಾದ '16 ಲವರ್ಸ್ ಲೇನ್' 1988ರಲ್ಲಿ ಸಿಡ್ನಿಯಲ್ಲಿ ಮುದ್ರಿತವಾಯಿತು. ಅಷ್ಟರಲ್ಲಿ ಫಾರ್ಸ್ಟರ್ ಮತ್ತು ಮಾರಿಸನ್ ಜೊತೆಗಾರರಾಗಿ ಉಳಿದಿರಲಿಲ್ಲ. ಆದರೂ ಒಂದೇ ತಂಡದಲ್ಲಿ, ಒಂದೇ ವೇದಿಕೆಯಲ್ಲಿ ಇದ್ದರು. ಅತ್ತ ಗ್ರಾಂಟ್ ಮತ್ತು ಅಮಾಂಡಾ ಪ್ರೇಮದಲ್ಲಿದ್ದರು. ಒಂದು ಪ್ರೇಮದ ಬೂದಿ, ಇನ್ನೊಂದರ ಉರಿ—ಎರಡೂ ಅದರಲ್ಲಿವೆ. 'ಸ್ಟ್ರೀಟ್ಸ್ ಆಫ್ ಯುವರ್ ಟೌನ್' ಎಂಬ ಹಾಡು ಬೇಸಗೆಯ ಬಿಸಿಲಿನಷ್ಟು ಹಗುರ. ಅಮಾಂಡಾಳ ದನಿ ಹಿಂದಿನಿಂದ ಗಾಳಿಯಂತೆ ಬಂದು ಸೇರುತ್ತದೆ. ಲಕ್ಷ್ಯಕೊಟ್ಟು ಕೇಳಿದರೆ ಕಟುಕನ ಚೂರಿ, ಪೆಟ್ಟು ತಿಂದ ಹೆಂಡಿರು ಆ ಬಿಸಿಲಿನಲ್ಲೇ ನಿಂತಿದ್ದಾರೆ. ಈ ಬಾರಿಯಾದರೂ ಜಯ ಖಂಡಿತವೆಂದು ಎಲ್ಲರೂ ನಂಬಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 80ನೆಯ ಸ್ಥಾನದ ಹತ್ತಿರ ಬಂದು ನಿಂತುಹೋಯಿತು. ಹತ್ತು ವರ್ಷದ ದುಡಿಮೆಯ ಮೇಲೆ, ಇದಕ್ಕಿಂತ ಒಳ್ಳೆಯ ಹಾಡನ್ನು ಇನ್ನು ಬರೆಯಲಾರೆವು ಎಂಬಂಥ ಹಾಡನ್ನು ಬರೆದ ಮೇಲೆ, 80!

1989ರ ಡಿಸೆಂಬರ್ ತಿಂಗಳಲ್ಲಿ ಇಬ್ಬರು ಗೆಳೆಯರು ಕೂತು ಮಾತನಾಡಿ, ತಂಡ ಮುಗಿಯಿತೆಂದು ತೀರ್ಮಾನಿಸಿದರು. ತೀರ್ಮಾನವಾದ ಮೇಲೆ ಹೆಂಗಸರಿಬ್ಬರಿಗೂ ತಿಳಿಸಿದರು. ಗಮನಿಸಬೇಕು: ಕೇಳಲಿಲ್ಲ, ತಿಳಿಸಿದರು. ಅಮಾಂಡಾ ತಂಡವನ್ನು ಕಳೆದುಕೊಂಡ ದಿನವೇ ಗ್ರಾಂಟನನ್ನೂ ಬಿಟ್ಟು ನಡೆದಳು. ಗ್ರಾಂಟ್ ಆ ಪೆಟ್ಟಿನಿಂದ ಪೂರಾ ಚೇತರಿಸಿಕೊಳ್ಳಲಿಲ್ಲವೆಂದು ಹತ್ತಿರದವರು ಹೇಳುತ್ತಾರೆ. ಲಿಂಡಿ ಮತ್ತು ಅಮಾಂಡಾ ಸೇರಿ 'ಕ್ಲಿಯೋಪಾತ್ರಾ ವಾಂಗ್' ಎಂಬ ಬೇರೆ ತಂಡವನ್ನು ಕಟ್ಟಿದರು.

ತಂಡ ಯಾರದು? ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಪ್ರಶ್ನೆ ನಡೆದುಬಂದಿದೆ. ಹಾಡು ಬರೆದವರು ಇಬ್ಬರು, ಕಟ್ಟಿದವರು ಇಬ್ಬರು. ಆದ್ದರಿಂದ ಇಬ್ಬರದೇ ಎಂದು ಒಂದು ಪಕ್ಷ. ಹಾಡು ಕೇಳಿಸುವುದು ಬರೆದವನಿಂದ ಮಾತ್ರವೇ ಎಂದು ಇನ್ನೊಂದು ಪಕ್ಷ. ಫಾರ್ಸ್ಟರ್ 2016ರಲ್ಲಿ 'ಗ್ರಾಂಟ್ ಅಂಡ್ ಐ' ಎಂಬ ನೆನಪಿನ ಪುಸ್ತಕವನ್ನು ಬರೆದ. ಒಳ್ಳೆಯ ಪುಸ್ತಕ, ಸ್ನೇಹವನ್ನು ಕುರಿತು ಅಷ್ಟು ಬಿಚ್ಚುಮನಸ್ಸಿನ ಗದ್ಯ ಅಪರೂಪ. ಆದರೆ ತಲೆಬರಹದಲ್ಲಿಯೇ ಜಾಗ ಇರುವುದು ಇಬ್ಬರಿಗೆ. ಬ್ರಿಟನ್ನಿನ ಗಾಯಕಿ ಟ್ರೇಸಿ ಥಾರ್ನ್ 2021ರಲ್ಲಿ ಲಿಂಡಿ ಮಾರಿಸನ್ನಳ ಮೇಲೆಯೇ ಒಂದು ಪುಸ್ತಕವನ್ನು ಬರೆದು ಈ ಲೆಕ್ಕವನ್ನು ಸರಿಮಾಡಲು ಹೊರಟಳು. 1983ರಲ್ಲಿ ಲಿಪ್‌ಸ್ಟಿಕ್ ಕೇಳಿಕೊಂಡು ತನ್ನ ಕೋಣೆಗೆ ನುಗ್ಗಿಬಂದ ಎತ್ತರದ ಹೆಂಗಸಿನಿಂದ ಆಕೆಯ ಕಥೆ ಮೊದಲಾಗುತ್ತದೆ. ಎರಡನ್ನೂ ಓದಿದವನಾಗಿ ನನ್ನ ಮತವನ್ನು ಹೇಳುವುದಾದರೆ ಥಾರ್ನಳ ಕಡೆಗೇ ನಾನು. ಅದಕ್ಕೆ ಸಂಗೀತವಲ್ಲದ ಕಾರಣವೂ ಒಂದಿದೆ.

ನಾನೂ, ಸಿ.ಡಿ. ತಂದುಕೊಟ್ಟ ಆ ಗೆಳೆಯನೂ ಎಂ.ಎ. ಓದುವಾಗ ಒಂದು ಕೈಬರಹದ ಪತ್ರಿಕೆಯನ್ನು ನಡೆಸುತ್ತಿದ್ದೆವು. ಕವಿತೆ ಅವನದು, ವಿಮರ್ಶೆ ನನ್ನದು. ಎರಡನ್ನೂ ದುಂಡಕ್ಷರದಲ್ಲಿ ಬರೆದು, ಅಂಚಿಗೆ ಚಿತ್ರ ಬಿಡಿಸಿ, ಹೊಲಿದು, ಪ್ರತಿ ತಿಂಗಳೂ ಗ್ರಂಥಾಲಯದ ಮೇಜಿನ ಮೇಲೆ ಇಡುತ್ತಿದ್ದವಳು ನಮ್ಮ ತರಗತಿಯ ಒಬ್ಬಾಕೆ. ನಮ್ಮ ಕಾಗದಗಳಲ್ಲಿ ಕಾಗುಣಿತವನ್ನು ತಿದ್ದುತ್ತಿದ್ದವಳೂ ಆಕೆಯೇ. ಕೆಲವು ವರ್ಷದ ಹಿಂದೆ ವಿಭಾಗದ ಸ್ಮರಣಸಂಚಿಕೆಗೆ ಆ ಪತ್ರಿಕೆಯ ಬಗ್ಗೆ ಬರೆದುಕೊಡೆಂದು ಕೇಳಿದರು. ಐದು ಪುಟ ಬರೆದೆ. 'ನಾವಿಬ್ಬರು' ಎಂಬ ಮಾತು ಅದರಲ್ಲಿ ಎಷ್ಟು ಸಲ ಬಂದಿದೆಯೋ ಎಣಿಸಲು ನಾಚಿಕೆಯಾಗುತ್ತದೆ. ಆಕೆಯ ಹೆಸರು ಒಂದು ಸಲವೂ ಬಂದಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪಿಗೇ ಬರಲಿಲ್ಲ. ಥಾರ್ನಳ ಪುಸ್ತಕವನ್ನು ಓದುವಾಗ ಬಂತು.

ಇರಲಿ. ತಂಡ ಒಡೆದ ಮೇಲೆ ಗೆಳೆಯರಿಬ್ಬರೂ ಬೇರೆ ಬೇರೆಯಾಗಿ ಸಂಪುಟಗಳನ್ನು ಮಾಡಿದರು. ಫಾರ್ಸ್ಟರ್ ಜರ್ಮನಿಯಲ್ಲಿ ಕೆಲಕಾಲ ಸಂಸಾರ ಹೂಡಿದ. 2000ದಲ್ಲಿ ಇಬ್ಬರೂ ಮತ್ತೆ ಹಳೆಯ ಹೆಸರಿನಲ್ಲಿ ಕೂಡಿದರು. ಲಿಂಡಿ, ಅಮಾಂಡಾ ಇಬ್ಬರೂ ಅದರಲ್ಲಿರಲಿಲ್ಲ. ಹೊಸಬರ ಜೊತೆ ಮೂರು ಸಂಪುಟಗಳು ಬಂದುವು. ಮೂರನೆಯದಾದ 'ಓಷನ್ಸ್ ಅಪಾರ್ಟ್'ಗೆ 2005ರಲ್ಲಿ ಆಸ್ಟ್ರೇಲಿಯದ ಆರಿಯಾ ಪ್ರಶಸ್ತಿ ದೊರೆಯಿತು. ತಂಡ ಹುಟ್ಟಿ ಇಪ್ಪತ್ತೇಳು ವರ್ಷವಾದ ಮೇಲೆ ಸ್ವದೇಶದಲ್ಲಿ ಸಿಕ್ಕಿದ ಮೊದಲ ಆರಿಯಾ. ಮರುವರ್ಷ, 2006ರ ಮೇ 6ರಂದು, ಗ್ರಾಂಟ್ ಮೆಕ್‌ಲೆನನ್ ತನ್ನ ಬ್ರಿಸ್ಬೇನಿನ ಮನೆಯಲ್ಲಿ ಮಲಗಿದವನು ಏಳಲಿಲ್ಲ. ಆ ಸಂಜೆ ಅದೇ ಮನೆಯಲ್ಲಿ ಗೃಹಪ್ರವೇಶದ ಔತಣವಿತ್ತು, ಅತಿಥಿಗಳು ಬರತೊಡಗಿದ್ದರು. ಆತನಿಗೆ ಆಗ ನಲವತ್ತೆಂಟು ವರ್ಷ.

ಗೆಳೆಯ ಇಲ್ಲದ ಮೇಲೆ ಆ ಹೆಸರನ್ನು ಫಾರ್ಸ್ಟರ್ ಮತ್ತೆ ಎತ್ತಲಿಲ್ಲ. 2008ರಲ್ಲಿ 'ದಿ ಇವ್ಯಾಂಜೆಲಿಸ್ಟ್' ಎಂಬ ಸಂಪುಟವನ್ನು ಸ್ವಂತ ಹೆಸರಿನಲ್ಲಿ ತಂದ. ಅದರಲ್ಲಿ ಮೂರು ಹಾಡುಗಳಿಗೆ ಗ್ರಾಂಟನ ಹೆಸರೂ ಸೇರಿದೆ. ಅವನು ಬಿಟ್ಟುಹೋದ ತುಣುಕುಗಳನ್ನು ಉಳಿದವನು ಮುಗಿಸಿದ್ದು. ಹಿಂದೆಲ್ಲ ಗ್ರಾಂಟನ ಹಾಡನ್ನು ಗ್ರಾಂಟನೇ ಹಾಡುತ್ತಿದ್ದ. ಈ ಮೂರನ್ನು ಫಾರ್ಸ್ಟರನೇ ಹಾಡಬೇಕಾಯಿತು.

ಸೇತುವೆಯ ಮೇಲೆ ವಾಹನಗಳಿಗೆ ಸುಂಕವುಂಟು, ನಡೆದು ಹೋಗುವವರಿಗಿಲ್ಲ. ಹೆಸರಿಡುವಾಗ ತಂಡದ ಹೆಸರಿನ ಕೊನೆಯಲ್ಲಿದ್ದ ಬಹುವಚನವನ್ನು ಬಿಟ್ಟಿದ್ದಾರೆ. ಸೇತುವೆಯ ಹೆಸರು ಏಕವಚನದಲ್ಲಿದೆ. ವ್ಯಾಕರಣ ಹೇಳುವವನಿಗೆ ಇದು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಯಾರು ಉಳಿದರು, ಯಾರನ್ನು ಬಿಟ್ಟರು ಎಂಬ ಜಗಳ ಅಲ್ಲಿಗೂ ಹೋಗಿ ತಲುಪಿತೋ ಏನೋ. ನನ್ನ ಸ್ಮರಣಸಂಚಿಕೆಯ ಲೇಖನಕ್ಕೆ ಒಂದು ತಿದ್ದುಪಡಿಯನ್ನು ಬರೆದು ಕಳೆದ ವಾರ ಸಂಪಾದಕರಿಗೆ ಕಳಿಸಿದ್ದೇನೆ. ಸಂಚಿಕೆ ಅಚ್ಚಾಗಿ ವರ್ಷಗಳೇ ಆದ್ದರಿಂದ ಅದನ್ನು ಎಲ್ಲಿ ಹಾಕುವುದೆಂದು ಅವರು ಕೇಳಿದ್ದಾರೆ.